ಧನ್ವಂತರಿ ರಸ್ತೆಯ ಔಷಧದಂಗಡಿಗಳು

ಮೈಸೂರನ್ನು ನೋಡಲೆಂದು ಬರುವವರು ಅರಮನೆಯನ್ನು ನೋಡುವರು. ಚಾಮುಂಡಿ ಬೆಟ್ಟವನ್ನು ಹತ್ತಿ ಇಳಿಯುವರು. ಮೃಗಾಲಯದಲ್ಲಿ ಅರ್ಧ ದಿನವನ್ನು ಕಳೆಯುವರು. ಕಡೆಗೆ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಯನ್ನೂ ವೀಳೆಯದೆಲೆಯನ್ನೂ ಕೊಂಡು ಊರಿಗೆ ಹಿಂದಿರುಗುವರು. ಆ ಮಾರುಕಟ್ಟೆಯ ಉತ್ತರದ ಅಂಚಿನಲ್ಲಿಯೇ ಸಯ್ಯಾಜಿರಾವ್ ರಸ್ತೆಯಿಂದ ಕವಲೊಡೆಯುವ ಧನ್ವಂತರಿ ರಸ್ತೆಯನ್ನು ನೋಡಿ ಬರೋಣವೆಂದು ಹೊರಟವರನ್ನು ನಾನು ಇದುವರೆಗೆ ಕಂಡಿಲ್ಲ. ಅಲ್ಲಿಗೂ ಅದರ ಸುತ್ತಣ ಬೀದಿಗಳಿಗೂ ಅನೇಕರು ಹೋಗುವುದು ಕೈಯಲ್ಲಿ ವೈದ್ಯರ ಚೀಟಿಯನ್ನು ಹಿಡಿದುಕೊಂಡು. ನನ್ನ ಅಕ್ಕನ ಚಿಕಿತ್ಸೆಯ ನಿಮಿತ್ತವಾಗಿ ಕಳೆದ ವರ್ಷ ಏಳೆಂಟು ತಿಂಗಳ ಕಾಲ ನಾನೂ ಹಾಗೆಯೇ ಹೋಗಿ ಬರಬೇಕಾಯಿತು. ನಮ್ಮ ಊರು ಮೈಸೂರಿಗೆ ಎರಡು ಗಂಟೆಯ ಬಸ್ಸಿನ ದಾರಿ. ಬೆಳಗಿನ ಬಸ್ಸಿಗೆ ಬಂದು, ವೈದ್ಯರನ್ನು ಕಂಡು, ಸಂಜೆಯ ಬಸ್ಸಿಗೆ ಕಾಯುವ ಅವಕಾಶದಲ್ಲಿ ಆ ಬೀದಿಗಳನ್ನು ಸಾವಧಾನವಾಗಿ ನೋಡುವ ಸಂದರ್ಭವು ಒದಗಿತು. ಕಂಡುದನ್ನು ಗೃಹಸ್ಥರಾದ ವಾಚಕರ ಮುಂದೆ ಇಡುವುದು ನಿಷ್ಪ್ರಯೋಜನವಾಗಲಾರದೆಂದು ನಂಬಿದ್ದೇನೆ. ಏಕೆಂದರೆ ಔಷಧದಂಗಡಿಯ ಮೆಟ್ಟಿಲನ್ನು ಹತ್ತದ ಮನೆಯವರು ಈಗ ವಿರಳ.

ರಸ್ತೆಗೆ ಈ ಹೆಸರನ್ನಿಟ್ಟವರು ರಸಿಕರೇ ಇರಬೇಕು. ಹತ್ತಿರದಲ್ಲಿಯೇ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ೧೯೦೮ರಲ್ಲಿ ಆರಂಭವಾದ ಸರ್ಕಾರಿ ಆಯುರ್ವೇದ ಕಾಲೇಜು ಇದೆ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ೧೯೩೦ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜೂ, ಅದಕ್ಕೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಯೂ ಅನತಿದೂರದಲ್ಲಿಯೇ ಇವೆ. ಕ್ಷೀರಸಮುದ್ರವನ್ನು ಮಥಿಸಿದಾಗ ಧನ್ವಂತರಿಯು ಅಮೃತಕಲಶವನ್ನು ಹಿಡಿದು ಮೇಲೆದ್ದನೆಂಬುದನ್ನು ಎಲ್ಲರೂ ಬಲ್ಲರು. ಅವನು ಬರುವುದಕ್ಕೆ ಮುಂಚೆ ಅದೇ ಸಮುದ್ರದಿಂದ ಹಾಲಾಹಲವೂ ಬಂದಿತೆಂಬುದನ್ನು ಔಷಧದ ವ್ಯಾಪಾರ ಮಾಡತಕ್ಕವರು ಸ್ವಲ್ಪ ಹೆಚ್ಚಾಗಿ ನೆನೆಯುವುದು ಒಳ್ಳೆಯದು.

ಇಂಗ್ಲಿಷ್ ಔಷಧದ ಅಂಗಡಿಗಳ ವಿಚಾರಕ್ಕೆ ಬರುವ ಮೊದಲು ಮಾರುಕಟ್ಟೆಯ ಮತ್ತು ಅದರ ಸುತ್ತಿನ ಗ್ರಂಧಿಗೆ ಅಂಗಡಿಗಳಲ್ಲಿ ಒಂದಿಷ್ಟು ನಿಲ್ಲಬೇಕು. (ಸುಗಂಧದ್ರವ್ಯಗಳನ್ನು ಮಾರುವವನಿಗೆ ಸಂಸ್ಕೃತದಲ್ಲಿ ಗಾಂಧಿಕನೆಂದು ಹೆಸರು, ನಮ್ಮ ಗ್ರಂಧಿಗೆಗೂ ಅದಕ್ಕೂ ನಂಟು ಇರಬೇಕೆಂದು ನನ್ನ ಊಹೆ.) ೨೦೧೬ರ ಆಗಸ್ಟಿನಲ್ಲಿ ಮಾರುಕಟ್ಟೆಯ ಉತ್ತರದ ಬಾಗಿಲಿನ ಭಾಗವು ಕುಸಿದುಬಿದ್ದ ತರುವಾಯ ಆ ಕಟ್ಟಡವನ್ನು ಉಳಿಸಬೇಕೇ ಕೆಡವಬೇಕೇ ಎಂಬ ವಿವಾದವು ಬಹಳ ಕಾಲ ನಡೆಯಿತು, ವ್ಯಾಪಾರವೇನೂ ನಿಲ್ಲಲಿಲ್ಲ. ಅಳಲೆಕಾಯಿ, ತಾರೆಕಾಯಿ, ನೆಲ್ಲಿಚೆಟ್ಟು, ಹಿಪ್ಪಲಿ, ಬಜೆ, ಜ್ಯೇಷ್ಠಮಧು, ಲಾವಂಚ ಇವುಗಳ ಮಿಶ್ರಗಂಧವು ಅಂಗಡಿ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಮೂಗಿಗೆ ಬೀಳುತ್ತದೆ. ಒಬ್ಬ ಹೆಂಗಸು ಬಂದು ಬಜೆಯನ್ನು ಕೇಳಿದಳು. ಅಂಗಡಿಯ ಮುದುಕನು ಡಬ್ಬಿಗೆ ಕೈ ಹಾಕುವ ಮುನ್ನ, “ಮಗುವಿಗೋ? ಎಷ್ಟು ತಿಂಗಳದ್ದು?” ಎಂದು ಕೇಳಿ, ಸುಟ್ಟು ತೇಯಬೇಕಾದ ಕ್ರಮವನ್ನೂ, ಎಷ್ಟಕ್ಕಿಂತ ಹೆಚ್ಚು ಕೊಡಬಾರದೆಂಬುದನ್ನೂ ಹೇಳಿ, ಅನಂತರ ಪೊಟ್ಟಣ ಕಟ್ಟಿದನು. ಎಳೆಯ ಮಗುವಿಗೆ ಬಜೆಯನ್ನು ಕೊಡಬೇಕೇ ಎಂಬುದನ್ನು ವೈದ್ಯರಲ್ಲಿಯೇ ಕೇಳುವುದು ಮೇಲು. ಆದರೆ ಮಾರುವುದಕ್ಕೆ ಮೊದಲು ಪ್ರಶ್ನೆ ಕೇಳುವ ಅವನ ಪದ್ಧತಿಯು ನನಗೆ ಮೆಚ್ಚುಗೆಯಾಯಿತು. ಈ ಅಂಗಡಿಗಳನ್ನು ನಾನು ಹೊಗಳುತ್ತಲೇ ಹೋಗಲಾರೆ. ಹೆಸರೊಂದು ಬೇರೊಂದು ಎಂಬಂತೆ ಒಂದು ಬೇರಿಗೆ ಬದಲಾಗಿ ಮತ್ತೊಂದನ್ನು ಕೊಡುವವರೂ ಉಂಟು. ವತ್ಸನಾಭಿ, ಭಲ್ಲಾತಕ ಮುಂತಾದುವು ಶೋಧನೆಯಾಗದಿದ್ದರೆ ವಿಷವೇ ಸರಿ. ಸರ್ಕಾರದ ಔಷಧ ನಿಯಮಗಳಲ್ಲಿಯೂ ಅವುಗಳನ್ನು ವಿಷದ್ರವ್ಯಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ಇವುಗಳಲ್ಲಿ ಔಷಧವನ್ನು ಮಾರುವವನಿಗೆ ಸ್ಥಾನವಿಲ್ಲ. ವೈದ್ಯನೇ ದ್ರವ್ಯವನ್ನು ತರಿಸಿ, ಅರೆದು, ಕಾಸಿ, ಕೈಯಾರೆ ಕೊಡುತ್ತಿದ್ದ ಕಾಲದಲ್ಲಿ ಅಂಥವನ ಅವಶ್ಯಕತೆಯೇ ತೋರಿರಲಿಕ್ಕಿಲ್ಲ. ಇಂದು ವೈದ್ಯರು ಒಂದು ಕಡೆ, ಔಷಧವು ಮತ್ತೊಂದು ಕಡೆ. ಇವೆರಡರ ನಡುವೆ ರೋಗಿಯು ಚೀಟಿಯನ್ನು ಹಿಡಿದು ರಸ್ತೆಯನ್ನು ದಾಟುತ್ತಾನೆ. ವೈದ್ಯರು ಹೇಳಿದ ಮಾತಿನಲ್ಲಿ ಅರ್ಧವು ಆ ರಸ್ತೆಯಲ್ಲಿಯೇ ಉದುರಿಹೋಗುತ್ತದೆ; ಉದುರಿದ್ದನ್ನು ಆಯ್ದು ಮತ್ತೆ ಅವನ ಕೈಗೆ ಕೊಡಬೇಕಾದವನು ಔಷಧದಂಗಡಿಯವನು.

ನಾನು ಹುಡುಗನಾಗಿದ್ದಾಗ ನಮ್ಮ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಂಪೌಂಡರ್ ಎಂಬ ಅಧಿಕಾರಿಯು ಒಂದು ಕಿಟಕಿಯ ಹಿಂದೆ ಕುಳಿತಿರುತ್ತಿದ್ದರು. ಸೀಸೆಯನ್ನು ನಾವೇ ಮನೆಯಿಂದ ತೊಳೆದು ಒಯ್ಯಬೇಕು. ಅವರು ಗುಲಾಬಿ ಬಣ್ಣದ ಮಿಕ್ಸ್ಚರನ್ನು ತುಂಬಿ, ಬಿಳಿಯ ಕಾಗದದ ಪಟ್ಟಿಯೊಂದನ್ನು ಮಡಿಸಿ, ಅಂಚುಗಳಲ್ಲಿ ಕತ್ತರಿಯಿಂದ ಕಚ್ಚು ಹಾಕಿ, ಸೀಸೆಯ ಮೈಗೆ ಅಂಟಿಸುವರು. ಒಂದೊಂದು ಕಚ್ಚಿಗೆ ಒಂದೊಂದು ಹೊತ್ತಿನ ಮದ್ದು. ಓದಲು ಬಾರದ ನನ್ನ ಅಜ್ಜಿಯೂ ಅದನ್ನು ನೋಡಿ ತಪ್ಪಿಲ್ಲದೆ ಔಷಧವನ್ನು ಸೇವಿಸುತ್ತಿದ್ದಳು.

ಈಗಿನ ಅಂಗಡಿಗಳ ವೈಭವವನ್ನು ಹೇಳತೀರದು. ಗಾಜಿನ ಬಾಗಿಲು, ಕಣ್ಣು ಕೋರೈಸುವ ದೀಪ, ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು, ಹೆಸರನ್ನು ಒತ್ತಿದೊಡನೆ ಪೆಟ್ಟಿಗೆಯಿರುವ ಮೂಲೆಯನ್ನು ತೋರಿಸುವ ಕಂಪ್ಯೂಟರು. ಆಸ್ಪತ್ರೆಯ ಸಮೀಪದ ಒಂದು ದೊಡ್ಡ ಅಂಗಡಿಯ ಎದುರಿನ ಜಗಲಿಯ ಮೇಲೆ ನಾನು ಬಹಳ ಹೊತ್ತು ಕುಳಿತು ನೋಡಿದೆನು. ಹೆಗ್ಗಡದೇವನಕೋಟೆಯ ಕಡೆಯಿಂದಲೂ ಪಿರಿಯಾಪಟ್ಟಣದ ಕಡೆಯಿಂದಲೂ ಬಂದ ರೈತರು, ಕೂಸನ್ನು ಹೊತ್ತ ತಾಯಂದಿರು, ಮೊಮ್ಮಕ್ಕಳ ಹೆಗಲಿಗೆ ಕೈ ಕೊಟ್ಟ ಮುದುಕರು ಚೀಟಿಯನ್ನು ನೀಡುತ್ತಿದ್ದರು. ಮೂರು ಹುಡುಗರು ಅದನ್ನು ಮಿಂಚಿನಂತೆ ಓದಿ, ಪಟ್ಟಿಗಳನ್ನು ಕತ್ತರಿಸಿ, ಲಕೋಟೆಗೆ ತುಂಬಿ, ಹಣವನ್ನೆಣಿಸಿಕೊಂಡು ಮುಂದಿನವರನ್ನು ಕರೆಯುತ್ತಿದ್ದರು. ಎಲ್ಲವೂ ಚುರುಕು; ಎಲ್ಲವೂ ಚೊಕ್ಕಟ. ಮಾತು ಮಾತ್ರ ಇರಲಿಲ್ಲ. ಹುಡುಗರ ತಲೆಯ ಮೇಲೆ ಗೋಡೆಯಲ್ಲಿ ಫಾರ್ಮಸಿಸ್ಟರ ಪ್ರಮಾಣಪತ್ರವು ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಆ ಪತ್ರದ ಒಡೆಯರು ಯಾರೆಂದು ವಿಚಾರಿಸಿದ್ದಕ್ಕೆ, “ಊಟಕ್ಕೆ ಹೋಗಿದ್ದಾರೆ” ಎಂಬ ಉತ್ತರ ಬಂದಿತು. ಆಗ ಬೆಳಗಿನ ಹನ್ನೊಂದು ಗಂಟೆ.

ಇದನ್ನು ನಾನು ಹಾಸ್ಯಕ್ಕಾಗಿ ಬರೆಯುತ್ತಿಲ್ಲವೆಂಬುದು ಮುಂದಿನ ವೃತ್ತಾಂತದಿಂದ ತಿಳಿದುಬರುವುದು. ನನ್ನ ಅಕ್ಕನಿಗೆ ಕೀಲುಗಳು ಬಾತು ಬಾಗಿಹೋಗುವ ಆಮವಾತ. ವೈದ್ಯರು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕೆಂದೂ, ಫೋಲಿಕ್ ಆಮ್ಲದ ಮಾತ್ರೆಯನ್ನು ಬೇರೆ ದಿನ ಸೇವಿಸಬೇಕೆಂದೂ ಬರೆದುಕೊಟ್ಟರು. ನಮಗೆ ಸಿಕ್ಕಿದ ಎರಡೂ ಚಿಕ್ಕ ಮಾತ್ರೆಗಳು, ಎರಡೂ ಹಳದಿ. ಜನನಿಬಿಡವಾದ ಒಂದು ಅಂಗಡಿಯಲ್ಲಿ ನನ್ನ ಅಕ್ಕನ ಮಗನು ಅವುಗಳನ್ನು ಕೊಂಡಾಗ, ಅಲ್ಲಿಯ ಹುಡುಗನು ಎರಡು ಲಕೋಟೆಗಳ ಮೇಲೂ ‘೧-೦-೦’ ಎಂದು ಗೀಚಿ ಕೊಟ್ಟನು. ಪ್ರತಿದಿನ ಬೆಳಿಗ್ಗೆ ಒಂದು ಎಂದು ಅದರ ಅರ್ಥ. ಅದೇ ಅಂಗಡಿಯಲ್ಲಿ ಕಣ್ಣಿನ ಹನಿಯೊಂದು ದೊರೆಯಲಿಲ್ಲವಾಗಿ, ನಾವು ಒಂದು ಅಡ್ಡಬೀದಿಯ ಚಿಕ್ಕ ಅಂಗಡಿಗೆ ಹೋದೆವು. ಅಲ್ಲಿ ನಲವತ್ತು ವರ್ಷದ ಒಬ್ಬ ಮಹಿಳೆಯು ಬಿಳಿಯ ಮೇಲಂಗಿಯನ್ನು ಧರಿಸಿ ಒಬ್ಬರೇ ಕುಳಿತಿದ್ದರು. ಹನಿಯನ್ನು ತೆಗೆದಿಟ್ಟು, “ಅಮ್ಮನವರು ಬೇರೆ ಏನೇನು ಮಾತ್ರೆ ತೆಗೆದುಕೊಳ್ಳುತ್ತಾರೆ? ತೋರಿಸಿ” ಎಂದರು. ಲಕೋಟೆಯನ್ನು ಕಂಡೊಡನೆ ಅವರ ಮುಖವು ಬದಲಾಯಿತು. ಚೀಟಿಯನ್ನು ಎರಡು ಸಲ ಓದಿದರು. ವೈದ್ಯರ ಕೋಣೆಗೆ ದೂರವಾಣಿ ಮಾಡಿ ಕೇಳಿದರು. ಬಳಿಕ ‘೧-೦-೦’ ಎಂಬುದನ್ನು ಹೊಡೆದುಹಾಕಿ, ದಪ್ಪಕ್ಷರದಲ್ಲಿ ‘ಭಾನುವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆದರು. ಮತ್ತೊಂದರ ಮೇಲೆ ‘ಬುಧವಾರ’ ಎಂದು ಬರೆದರು.

ಈ ಮಾತ್ರೆಯನ್ನು ವಾರಕ್ಕೊಮ್ಮೆ ಎಂಬುದಕ್ಕೆ ಬದಲಾಗಿ ದಿನವೂ ನುಂಗಿದರೆ ಆಗತಕ್ಕದ್ದೇನೆಂಬುದನ್ನು ಆಮೇಲೆ ವೈದ್ಯರಿಂದ ತಿಳಿದೆನು. ಬಾಯಿ ಹುಣ್ಣಾಗುತ್ತದೆ, ಎಲುಬಿನ ಮಜ್ಜೆಯು ರಕ್ತಕಣಗಳನ್ನು ಹುಟ್ಟಿಸುವ ಕೆಲಸವನ್ನು ನಿಲ್ಲಿಸುತ್ತ ಬರುತ್ತದೆ, ಸಣ್ಣ ಸೋಂಕೂ ಪ್ರಾಣಕ್ಕೆ ಮುಳುವಾಗುತ್ತದೆ. ಈ ಒಂದೇ ತಪ್ಪಿನಿಂದ ಹಲವು ದೇಶಗಳಲ್ಲಿ ಜನರು ಸತ್ತಿದ್ದಾರೆ. ಆ ಮಹಿಳೆಯು ನಮಗೆ ಮಾರಿದ್ದು ಒಂದು ಕಣ್ಣಿನ ಹನಿಯನ್ನು ಮಾತ್ರ. ಉಳಿದುದಕ್ಕೆ ಅವರು ಬಿಲ್ಲಿನಲ್ಲಿ ಒಂದು ಕಾಸನ್ನೂ ಹಾಕಲಿಲ್ಲ. ಹಾಕುವುದಕ್ಕೆ ಅಂಕಣವೂ ಇಲ್ಲ.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಕಾನೂನು ಇಲ್ಲವೆಂದು ಯಾರೂ ತಿಳಿಯಬಾರದು. ಕರ್ನಲ್ ಚೋಪ್ರಾ ಅವರ ಅಧ್ಯಕ್ಷತೆಯ ಸಮಿತಿಯು ೧೯೩೦-೩೧ರಲ್ಲಿ ದೇಶವನ್ನೆಲ್ಲ ಸುತ್ತಿ ವಿಚಾರಣೆ ಮಾಡಿದ ಮೇಲೆ ೧೯೪೦ರಲ್ಲಿ ಔಷಧಗಳ ಕಾಯಿದೆಯೂ, ೧೯೪೫ರಲ್ಲಿ ಅದರ ನಿಯಮಗಳೂ, ೧೯೪೮ರಲ್ಲಿ ಫಾರ್ಮಸಿ ಕಾಯಿದೆಯೂ ಬಂದುವು. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತನಾದ ಫಾರ್ಮಸಿಸ್ಟನೇ ಕೊಡಬೇಕು, ಇಲ್ಲವೇ ಅವನ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡತಕ್ಕದ್ದು ಎಂಬುದು ಅಂದಿನಿಂದ ಬಂದ ವಿಧಿ. ಹಾಗೆ ನೋಂದಾಯಿಸಿಕೊಳ್ಳಬೇಕಾದರೆ ಕಡಮೆಯೆಂದರೆ ಎರಡು ವರ್ಷದ ಡಿಪ್ಲೊಮಾ ವ್ಯಾಸಂಗವೂ, ಅದರ ಮೇಲೆ ೫೦೦ ಗಂಟೆಗಳ ತರಬೇತಿಯೂ ಆಗಬೇಕು. ೨೦೧೫ರಲ್ಲಿ ಬಂದ ನಿಯಮಾವಳಿಯು ಇನ್ನೂ ಸ್ಪಷ್ಟವಾಗಿದೆ: ಔಷಧದ ಹೆಸರು, ಪ್ರಮಾಣ, ಎಷ್ಟು ದಿನ, ಯಾವುದಕ್ಕಾಗಿ, ಯಾವ ತೊಂದರೆ ಕಂಡರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು, ಹೇಗೆ ಇಟ್ಟುಕೊಳ್ಳಬೇಕು ಎಂಬಿವುಗಳನ್ನು ರೋಗಿಗೆ ವಿವರಿಸುವುದು ಫಾರ್ಮಸಿಸ್ಟನ ಕರ್ತವ್ಯವೆಂದು ಅಲ್ಲಿ ವಿಧಿಸಿದೆ. ಅಂದಮೇಲೆ ಅಡ್ಡಬೀದಿಯ ಆ ಮಹಿಳೆಯು ಮಾಡಿದ್ದು ಉಪಕಾರವಲ್ಲ, ತಮ್ಮ ಕೆಲಸ. ಉಪಕಾರವೆಂದು ನಮಗೆ ತೋರಿದ್ದಕ್ಕೆ ಕಾರಣ, ಆ ಕೆಲಸವನ್ನು ಮತ್ತೆಲ್ಲಿಯೂ ಕಾಣದಿದ್ದುದು. ಮೈಸೂರಿಗಂತೂ ಈ ವಿಷಯದಲ್ಲಿ ಕ್ಷಮೆಯಿಲ್ಲ. ೧೯೭೩ರಿಂದ ಇಲ್ಲಿಯೇ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು ನಡೆಯುತ್ತಿದೆ, ವರ್ಷ ವರ್ಷವೂ ಕಲಿತವರು ಹೊರಬರುತ್ತಿದ್ದಾರೆ.

ಆ ‘೧-೦-೧’ ಎಂಬ ಲಿಪಿಯ ವಿಷಯವಾಗಿ ಒಂದು ಮಾತು. ವೈದ್ಯರು ಚೀಟಿಯಲ್ಲಿ ಬಿ.ಡಿ., ಟಿ.ಡಿ.ಎಸ್. ಎಂದು ಬರೆಯುವರಷ್ಟೆ, ಅವು ಲ್ಯಾಟಿನ್ ಪದಗಳ ಮೊದಲಕ್ಷರಗಳು. ‘ಬಿಸ್ ಡಿಯೆ’ ಎಂದರೆ ದಿನಕ್ಕೆ ಎರಡು ಸಲ. ಅದರ ‘ಬಿಸ್’ ನಮ್ಮ ‘ದ್ವಿಃ’ ಎಂಬುದರ ದಾಯಾದಿ. ‘ಡಿಯೆ’ಗೂ ‘ದಿವಾ’ ಶಬ್ದಕ್ಕೂ ಮೂಲ ಒಂದೇ. ಸಂಸ್ಕೃತವನ್ನು ಪಾಠ ಹೇಳಿದ ನನಗೆ ಇದು ಸಂತೋಷದ ಸಂಗತಿಯೇ. ಆದರೆ ಕೋಟೆಯ ರೈತನಿಗೆ ಲ್ಯಾಟಿನ್ನೂ ಒಂದೇ, ಸಂಸ್ಕೃತವೂ ಒಂದೇ. ಸುಶ್ರುತಸಂಹಿತೆಯಲ್ಲಿ ಔಷಧಸೇವನೆಗೆ ಹತ್ತು ಕಾಲಗಳನ್ನು ಬೇರೆ ಬೇರೆಯಾಗಿ ಹೇಳಿದ್ದಾರೆ. ಊಟಕ್ಕೆ ಮುಂಚೆ, ಊಟದ ತರುವಾಯ, ಊಟದ ನಡುವೆ, ಎರಡು ಊಟಗಳ ಮಧ್ಯೆ, ತುತ್ತಿನೊಡನೆ, ಏನನ್ನೂ ತಿನ್ನದೆ ಬರಿ ಹೊಟ್ಟೆಯಲ್ಲಿ, ಹೀಗೆ. ಇಂದಿನ ಮಾತ್ರೆಗಳಿಗೂ ಈ ವಿವೇಚನೆ ಉಂಟು. ಥೈರಾಯ್ಡ್ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ಸೇವಿಸಬೇಕು. ನೋವಿನ ಮಾತ್ರೆಗಳಲ್ಲಿ ಬಹುಪಾಲನ್ನು ಊಟದ ಮೇಲೆಯೇ ಸೇವಿಸುವುದು ಕ್ಷೇಮ. ಇದನ್ನೆಲ್ಲ ಒಂದು ಸೊನ್ನೆಯೂ ಎರಡು ಗೀಟುಗಳೂ ಹೇಗೆ ತಾನೆ ಹೇಳಿಯಾವು?

ಅಂಗಡಿಯವರ ಪಕ್ಷದ ಮಾತನ್ನೂ ಕೇಳಬೇಕು. ಅಡ್ಡಬೀದಿಯ ಆ ಮಹಿಳೆಯೊಡನೆ ನಾನು ಅನಂತರ ಹಲವು ಸಲ ಮಾತನಾಡಿದೆನು. ೨೦೧೩ರ ಬೆಲೆ ನಿಯಂತ್ರಣದ ಆಜ್ಞೆಯಲ್ಲಿ ಅಗತ್ಯ ಔಷಧಗಳಿಗೆ ಗರಿಷ್ಠ ಬೆಲೆಯನ್ನು ಕಟ್ಟುವಾಗ ಚಿಲ್ಲರೆ ವ್ಯಾಪಾರಿಯ ಪಾಲೆಂದು ನೂರಕ್ಕೆ ೧೬ರಂತೆ ಸೇರಿಸುತ್ತಾರೆ. ಅದರಲ್ಲಿಯೇ ಬಾಡಿಗೆ, ದೀಪ, ಸಂಬಳ. ಹತ್ತು ನಿಮಿಷ ತಿಳಿಹೇಳಿದರೂ ಹತ್ತು ಕ್ಷಣದಲ್ಲಿ ಕೊಟ್ಟು ಕಳುಹಿಸಿದರೂ ದೊರೆಯುವುದು ಅಷ್ಟೇ. ಕೊಳ್ಳುವವರಾದರೂ ಎಂಥವರು! “ಬಸ್ಸು ಹೊರಟುಹೋಗುತ್ತದೆ, ಬೇಗ ಕೊಡಿ” ಎನ್ನುವವರು. ಚೀಟಿಯನ್ನು ಕೇಳಿದರೆ ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುವವರು. ಐದು ದಿನದ ಆ್ಯಂಟಿಬಯಾಟಿಕ್ ಬರೆದಿದ್ದರೆ ಎರಡು ದಿನದ್ದು ಸಾಕೆನ್ನುವವರು. ನೆರೆಮನೆಯವರಿಗೆ ಗುಣವಾದ ಮಾತ್ರೆಯ ಹೆಸರನ್ನು ಕೈಯ ಮೇಲೆ ಬರೆದುಕೊಂಡು ಬರುವವರು. ಸುಶಿಕ್ಷಿತರಾದ ಗೃಹಸ್ಥರೇ ಇವರಲ್ಲಿ ಮುಂದಾಳುಗಳೆಂದು ಆಕೆಯು ಹೇಳಿದಾಗ ನಾನು ಸುಮ್ಮನಿದ್ದೆನು. ೨೦೧೪ರ ಮಾರ್ಚಿಯಿಂದ ಕೆಲವು ಆ್ಯಂಟಿಬಯಾಟಿಕ್‌ಗಳನ್ನೂ, ಕ್ಷಯರೋಗದ ಔಷಧಗಳನ್ನೂ, ಚಟ ಹಿಡಿಸುವ ಮಾತ್ರೆಗಳನ್ನೂ ಕೊಡುವಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕೆಂದು ನಿಯಮವಾಗಿದೆ. ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸಲು ೨೦೧೬ರಲ್ಲಿ ಸರ್ಕಾರವು ಪ್ರಚಾರವನ್ನೂ ಮಾಡಿತು. ಆ ಗೆರೆಯಿರುವುದನ್ನು ಚೀಟಿಯಿಲ್ಲದೆ ಕೇಳುವುದೂ ಕೊಡುವುದೂ ಎರಡೂ ಸಲ್ಲದು. ಆದರೂ ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಹೊಣೆಯು ಬಲ್ಲವನದೇ. ಶಾಲೆಯಲ್ಲಿ ಮಕ್ಕಳು ಗಲಾಟೆ ಮಾಡುತ್ತಾರೆಂದು ಉಪಾಧ್ಯಾಯನು ಪಾಠವನ್ನು ಬಿಟ್ಟರೆ ಯಾರೂ ಒಪ್ಪುವುದಿಲ್ಲವಷ್ಟೆ.

ಅದೇ ಸುತ್ತಿನಲ್ಲಿ ಕೇಂದ್ರ ಸರ್ಕಾರದ ಜನೌಷಧಿ ಯೋಜನೆಯ ಅಂಗಡಿಯನ್ನೂ ನೋಡಿದೆನು. ಈ ಯೋಜನೆಯು ೨೦೦೮ರಲ್ಲಿ ಆರಂಭವಾದದ್ದು. ಕಂಪನಿಯಿಟ್ಟ ಹೆಸರಿಲ್ಲದೆ ದ್ರವ್ಯದ ಹೆಸರಿನಲ್ಲಿಯೇ ಮಾರುವುದರಿಂದ ಬೆಲೆಯು ಅನೇಕ ಔಷಧಗಳಿಗೆ ಅರ್ಧಕ್ಕಿಂತಲೂ ಕಡಮೆ. ನನ್ನ ರಕ್ತದೊತ್ತಡದ ಮಾತ್ರೆಯನ್ನು ನಾನು ಈಗ ಅಲ್ಲಿಯೇ ಕೊಳ್ಳುತ್ತೇನೆ. ಆದರೆ ಚೀಟಿಯಲ್ಲಿ ಕಂಪನಿಯ ಹೆಸರನ್ನು ಬರೆದಿದ್ದರೆ, ಅದೇ ದ್ರವ್ಯವುಳ್ಳ ಬೇರೆ ಔಷಧವನ್ನು ಅಂಗಡಿಯವರು ತಾವಾಗಿಯೇ ಬದಲಿಸಿ ಕೊಡಲು ನಿಯಮವು ಒಪ್ಪುವುದಿಲ್ಲ. ಆದುದರಿಂದ ದ್ರವ್ಯದ ಹೆಸರನ್ನೇ ಬರೆದುಕೊಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳುವುದು ಮೇಲು.

ದ್ರವ್ಯದ ಹೆಸರನ್ನು ತಿಳಿದುಕೊಳ್ಳುವುದರಿಂದ ಇನ್ನೊಂದು ಲಾಭವುಂಟು. ಜ್ವರಕ್ಕೆ ಒಂದು, ನೆಗಡಿಗೆ ಒಂದು, ಮೈಕೈ ನೋವಿಗೆ ಒಂದು ಎಂದು ಮೂರು ಹೆಸರಿನ ಮಾತ್ರೆಗಳನ್ನು ತಂದಿರುತ್ತೇವೆ. ಹಿಂದೆ ತಿರುಗಿಸಿ ಸಣ್ಣಕ್ಷರವನ್ನು ಓದಿದರೆ ಮೂರರಲ್ಲಿಯೂ ಪ್ಯಾರಾಸಿಟಮಾಲ್ ಇರುವುದು ಅಪೂರ್ವವಲ್ಲ. ದಿನಕ್ಕೆ ೪ ಗ್ರಾಮನ್ನು ಮೀರಿದರೆ ಯಕೃತ್ತಿಗೆ ಅಪಾಯ. ಮದ್ಯಪಾನಿಗಳಿಗೂ ದುರ್ಬಲರಿಗೂ ಇದಕ್ಕಿಂತ ಕಡಮೆಯಲ್ಲಿಯೇ. ಪಟ್ಟಿಯನ್ನು ಕತ್ತರಿಸಿ ಕೊಡುವಾಗ ಹೆಸರೂ ಅವಧಿ ಮುಗಿಯುವ ತಿಂಗಳೂ ಇರುವ ತುಂಡು ಅಂಗಡಿಯಲ್ಲಿಯೇ ಉಳಿದುಬಿಡುವುದೂ ಸಾಮಾನ್ಯ. ಮನೆಗೆ ಬಂದ ಹೆಸರಿಲ್ಲದ ನಾಲ್ಕು ಬೆಳ್ಳಿಯ ಗುಳ್ಳೆಗಳನ್ನು ಆರು ತಿಂಗಳ ಮೇಲೆ ಯಾರು ಗುರುತಿಸಬಲ್ಲರು? ಅಡ್ಡಬೀದಿಯ ಅಂಗಡಿಯಲ್ಲಿ ಹೆಸರನ್ನೂ ತಿಂಗಳನ್ನೂ ಲಕೋಟೆಯ ಮೇಲೆ ಬರೆದೇ ಕೊಡುತ್ತಾರೆ. ಇನ್ಸುಲಿನ್ ಕೊಂಡವರಿಗೆ, ತೆರೆಯದ ಸೀಸೆಯು ೨ರಿಂದ ೮ ಡಿಗ್ರಿಯ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು ಎಂದು ಹೇಳಿ, ದೂರದ ಊರಿನವರಾದರೆ ಮಂಜುಗಡ್ಡೆಯ ಚೀಲದೊಡನೆ ಕಟ್ಟಿಕೊಡುವುದನ್ನೂ ಕಂಡೆನು.

ಚಳಿಗಾಲದಲ್ಲಿ ಅಕ್ಕನನ್ನು ನಾಲ್ಕು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಗಿ ಬಂದಾಗ ಈ ಬೀದಿಗಳ ರಾತ್ರಿಯನ್ನೂ ನೋಡಿದೆನು. ಹೊಟೆಲುಗಳು ಮುಚ್ಚಿ, ಹೂವಿನವರು ಹೊರಟುಹೋಗಿ, ಕುದುರೆಗಾಡಿಗಳ ಸದ್ದು ಅಡಗಿದ ಮೇಲೆ ಔಷಧದಂಗಡಿಗಳಲ್ಲಿ ಒಂದೆರಡು ಮಾತ್ರ ತೆರೆದಿರುತ್ತವೆ. ವಾರ್ಡಿನಿಂದ ಚೀಟಿಯನ್ನು ಹಿಡಿದು ಓಡಿಬರುವವರು ಬೆಲೆಯನ್ನು ಕೇಳುವುದಿಲ್ಲ. ಜೇಬಿನಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಸುರಿಯುತ್ತಾರೆ. ಎರಡು ಗಂಟೆಯ ಹೊತ್ತಿನಲ್ಲಿ ಒಬ್ಬ ತರುಣನು ಹೀಗೆಯೇ ಬಂದು ಹಣ ಸಾಲದೆ ನಿಂತಿದ್ದನು. ಅಂಗಡಿಯಲ್ಲಿದ್ದ ವೃದ್ಧ ಫಾರ್ಮಸಿಸ್ಟರು ಚೀಟಿಯನ್ನು ದೀಪದ ಹತ್ತಿರ ಹಿಡಿದು ಓದಿ, “ಆರೂ ಈಗಲೇ ಬೇಕಾಗಿಲ್ಲ. ಈ ರಾತ್ರಿಗೆ ಬೇಕಾದುದು ಎರಡು ಇಂಜೆಕ್ಷನ್ನು. ಅದನ್ನು ಒಯ್ಯಿ, ಉಳಿದದ್ದು ಬೆಳಿಗ್ಗೆ ಆಗುತ್ತದೆ. ನರ್ಸಮ್ಮನವರಿಗೆ ನಾನು ಹೇಳಿದೆನೆಂದು ಹೇಳು” ಎಂದು ಎರಡನ್ನು ಬೇರೆ ಮಾಡಿ ಕೊಟ್ಟರು. ಹುಡುಗನು ಓಡಿದನು. ಅವರು ಉಳಿದ ನಾಲ್ಕನ್ನೂ ಒಂದು ಲಕೋಟೆಗೆ ಹಾಕಿ, ಮೇಲೆ ವಾರ್ಡಿನ ಸಂಖ್ಯೆಯನ್ನು ಬರೆದು, ಬೆಳಗಿನವರಿಗೆ ಕಾಣುವಂತೆ ತಕ್ಕಡಿಯ ಪಕ್ಕದಲ್ಲಿ ಇಟ್ಟರು.